ಹೆಸರಿನ ಕೊನೆಗೊಂದು ಮನೆ

ಮಾತುಕತೆಯ ಕಾರ್ಯಕ್ರಮ ನೋಡುವಾಗ ನೀವು ಗಮನಿಸಿರಬಹುದು. ಅತಿಥಿ ಮಾತು ಆರಂಭಿಸುತ್ತಿದ್ದಂತೆ ಅವರ ಮುಖದ ಕೆಳಗೆ ಒಂದು ಪಟ್ಟಿಯಲ್ಲಿ ಹೆಸರು ಮೂಡುತ್ತದೆ. ಅತಿಥಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯವರಾದರೆ ಮೈಸೂರು, ಮಂಡ್ಯದ ವೀಕ್ಷಕರು ಆ ಪಟ್ಟಿಯನ್ನು ಇನ್ನೊಮ್ಮೆ ಓದುವುದುಂಟು. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೇವಿನಮರದ, ಹಿತ್ತಲಮನಿ! ಇವು ಮನುಷ್ಯರ ಹೆಸರುಗಳೇ ಎಂದು ಮಕ್ಕಳು ನಗುತ್ತಾರೆ. ದೊಡ್ಡವರು ಮಕ್ಕಳನ್ನು ಗದರಿಸಿ, ತಾವೂ ಮುಗುಳ್ನಗುತ್ತಾರೆ.

ನಗುವುದರಲ್ಲಿ ತಪ್ಪೇನಿಲ್ಲ. ಆದರೆ ನಕ್ಕ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಯಾವ ತಂದೆತಾಯಿಯೂ ತಮ್ಮ ವಂಶಕ್ಕೆ ಉಳ್ಳಾಗಡ್ಡಿ ಎಂದು ತಾವೇ ಹೆಸರಿಟ್ಟುಕೊಂಡಿರಲಾರರು. ಹಾಗಾದರೆ ಇಟ್ಟವರು ಯಾರು? ಯಾಕೆ ಇಟ್ಟರು? ಅದು ಮಕ್ಕಳು ಮೊಮ್ಮಕ್ಕಳವರೆಗೆ ಉಳಿದು ಬಂದದ್ದು ಹೇಗೆ?

ಕರೆದವರು ನೆರೆಹೊರೆಯವರು

ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರಿಗೆ ‘ಅಡ್ಡಹೆಸರು’ ಎನ್ನುತ್ತಾರೆ. ಹಳೆಯ ಮೈಸೂರು ಭಾಗದಲ್ಲಿ ಇದೇ ಮಾತಿಗೆ ಬೇರೆ ಅರ್ಥ. ಅಲ್ಲಿ ಅಡ್ಡಹೆಸರೆಂದರೆ ಸ್ನೇಹಿತರು ತಮಾಷೆಗೆ ಇಟ್ಟು ಕರೆಯುವ ಹೆಸರು. ಎರಡೂ ಅರ್ಥಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಸ್ವಂತ ಹೆಸರನ್ನು ಕೊಡುವವರು ಹೆತ್ತವರು. ಅಡ್ಡಹೆಸರನ್ನು ಕೊಟ್ಟದ್ದು ಊರಿನವರು.

ಒಂದು ಹಳ್ಳಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಲ್ಲಿ ಹತ್ತು ಜನ ಬಸಪ್ಪ, ಎಂಟು ಜನ ನಿಂಗಪ್ಪ, ಆರು ಜನ ಹನುಮಂತಪ್ಪ. ಸಾಲ ಕೊಟ್ಟವನಿಗೆ, ಹೆಣ್ಣು ನೋಡಲು ಬಂದವರಿಗೆ, ಓಲೆ ತಂದವನಿಗೆ ‘ಯಾವ ಬಸಪ್ಪ?’ ಎಂಬುದು ಗೊತ್ತಾಗಬೇಕು. ‘ಬೇವಿನ ಮರದ ಹತ್ತಿರ ಮನಿ ಐತಲ್ಲ, ಆ ಬಸಪ್ಪ’ ಎಂದರೆ ಸಾಕು, ಗುರುತು ಸಿಕ್ಕಿತು. ಇಂದಿಗೂ ಹಾವೇರಿ ಕಡೆಯ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹಿರಿಯರು ಮೊದಲು ಕೇಳುವುದು ‘ಯಾವ ಊರ್ರೀ?’ ಎಂದು, ಆಮೇಲೆ ‘ಯಾರ ಪೈಕಿ?’ ಎಂದು. ಅಡ್ಡಹೆಸರು ಹುಟ್ಟಿದ್ದು ಈ ಎರಡು ಪ್ರಶ್ನೆಗಳಿಗೆ ಉತ್ತರವಾಗಿ. ಅದು ಬಿರುದಲ್ಲ, ಒಂದು ವಿಳಾಸ.

ಇದಕ್ಕೆ ವ್ಯಾಕರಣವೇ ಸಾಕ್ಷಿ ಹೇಳುತ್ತದೆ. ಬೆಲ್ಲದ, ತುಪ್ಪದ, ಹಳ್ಳದ, ಗುಡ್ಡದ, ಮಠದ ಎಂಬ ಅಡ್ಡಹೆಸರುಗಳನ್ನು ನೋಡಿ. ಇವೆಲ್ಲ ಷಷ್ಠೀ ವಿಭಕ್ತಿಯಲ್ಲಿವೆ. ಮಾತು ಇನ್ನೂ ಮುಗಿದಿಲ್ಲ. ಹಳ್ಳದ ಏನು? ಹಳ್ಳದ ದಂಡೆಯ ಮನೆಯವರು. ಬೆಲ್ಲದ ಏನು? ಬೆಲ್ಲದ ಅಂಗಡಿಯ ಮನೆಯವರು. ಕೊನೆಯ ಪದ ಬಾಯಿಯಿಂದ ಬಾಯಿಗೆ ಸವೆದು ಬಿದ್ದುಹೋಗಿ, ಮೊದಲ ಪದ ಮಾತ್ರ ಹೆಸರಾಗಿ ನಿಂತಿದೆ.

ಮೂರು ಖಾನೆಗಳ ಹೆಸರು

ಬಾಯಿಮಾತಿನ ಗುರುತು ಬದಲಾಗುತ್ತಿರಬಹುದು. ಮನೆ ಬದಲಾದರೆ, ಕಸುಬು ಬದಲಾದರೆ ಕರೆಯುವ ಹೆಸರೂ ಬದಲಾದೀತು. ಅದನ್ನು ಹಿಡಿದು ನಿಲ್ಲಿಸಿದ್ದು ಕಾಗದ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಗುವವರೆಗೆ ಈ ಭಾಗ ಧಾರವಾಡ ಜಿಲ್ಲೆಗೆ, ಧಾರವಾಡ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹಾವೇರಿ ತಾನೇ ಒಂದು ಜಿಲ್ಲೆಯಾದದ್ದು 1997ರಲ್ಲಿ. ಮುಂಬಯಿ ಕಡೆಯ ಶಾಲೆ, ಕಚೇರಿ, ಕೋರ್ಟುಗಳ ದಾಖಲೆಯಲ್ಲಿ ಹೆಸರಿಗೆ ಮೂರು ಭಾಗ: ಮೊದಲು ಸ್ವಂತ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು.

ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ಕವಿ ವಿನಾಯಕ ಕೃಷ್ಣ ಗೋಕಾಕರ ಹೆಸರನ್ನು ನೋಡಿ. ವಿನಾಯಕ ಸ್ವಂತ ಹೆಸರು, ಕೃಷ್ಣ ತಂದೆಯ ಹೆಸರು, ಗೋಕಾಕ ಊರ ಹೆಸರು. ಈಗ ಕುವೆಂಪು ಅವರ ಹೆಸರನ್ನು ಬಿಡಿಸಿ ನೋಡಿ: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಇಲ್ಲಿಯೂ ಊರು, ತಂದೆ, ಮಗ ಮೂವರೂ ಇದ್ದಾರೆ. ಆದರೆ ಸಾಲು ತಿರುವುಮುರುವು. ಮೈಸೂರಿನ ಪದ್ಧತಿಯಲ್ಲಿ ಊರೂ ತಂದೆಯೂ ಮುಂದೆ ಬಂದು, ಇನಿಶಿಯಲ್‌ಗಳಾಗಿ ಕಿರಿದಾಗುತ್ತಾರೆ. ಮುಂಬಯಿ ಪದ್ಧತಿಯಲ್ಲಿ ಅವರು ಹಿಂದೆ ಬಂದು ಪೂರ್ತಿಯಾಗಿ ಉಳಿಯುತ್ತಾರೆ.

ಈ ಎರಡು ಪದ್ಧತಿಗಳ ನಡುವಿನ ಗಡಿ ತುಂಬ ದೂರದಲ್ಲೇನೂ ಇರಲಿಲ್ಲ. ತುಂಗಭದ್ರೆಯ ಈಚೆ ದಂಡೆಯಲ್ಲಿ ಮುಂಬಯಿ ಆಡಳಿತದ ರಾಣೆಬೆನ್ನೂರು ತಾಲ್ಲೂಕು, ಆಚೆ ದಂಡೆಯಲ್ಲಿ ಮೈಸೂರು ಸಂಸ್ಥಾನದ ಹರಿಹರ. ಒಂದೇ ಹೊಳೆಯ ನೀರು ಕುಡಿಯುವ ಎರಡು ದಂಡೆಗಳಲ್ಲಿ ಹೆಸರು ಬರೆಯುವ ರೀತಿ ಮಾತ್ರ ಬೇರೆ ಬೇರೆ.

ಮುಂಬಯಿ ಪದ್ಧತಿಯ ಇನ್ನೊಂದು ಗುಣವನ್ನೂ ಗಮನಿಸಿ. ಕಾರಡಗಿಯಲ್ಲಿ ಹುಟ್ಟಿ ಮುಂದೆ ಮುಖ್ಯಮಂತ್ರಿಯಾದ ಎಸ್. ಆರ್. ಬೊಮ್ಮಾಯಿ ಅವರ ಪೂರ್ಣ ಹೆಸರು ಸೋಮಪ್ಪ ರಾಯಪ್ಪ ಬೊಮ್ಮಾಯಿ. ಮುಖ್ಯಮಂತ್ರಿಯಾದ ಅವರ ಮಗನ ಹೆಸರು ಬಸವರಾಜ ಸೋಮಪ್ಪ ಬೊಮ್ಮಾಯಿ. ತಂದೆಗೆ ಮೊದಲ ಹೆಸರಾಗಿದ್ದ ಸೋಮಪ್ಪ ಮಗನಿಗೆ ನಡುವಿನ ಹೆಸರಾಯಿತು; ಅಜ್ಜ ರಾಯಪ್ಪ ಸಾಲಿನಿಂದ ಹೊರಗೆ ಹೋದರು. ಅಂದರೆ ನಡುವಿನ ಹೆಸರು ತಲೆಮಾರಿನಿಂದ ತಲೆಮಾರಿಗೆ ನಡೆಯುತ್ತದೆ, ಕೊನೆಯ ಹೆಸರು ನಿಂತಲ್ಲೇ ನಿಲ್ಲುತ್ತದೆ. ನಡೆಯುವ ಹೆಸರು, ನಿಂತ ಹೆಸರು: ಈ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಊರು, ಮನೆ, ಮರ

ಅಡ್ಡಹೆಸರುಗಳಲ್ಲಿ ದೊಡ್ಡ ಗುಂಪು ಊರಿನವು: ಬ್ಯಾಡಗಿ, ಹಾವೇರಿ, ಕರ್ಜಗಿ, ಮೋಟೆಬೆನ್ನೂರ, ಸವಣೂರ, ಬಂಕಾಪುರ. ಇಲ್ಲೊಂದು ಸೂಕ್ಷ್ಮವಿದೆ. ಬ್ಯಾಡಗಿಯಲ್ಲೇ ಇರುವವರನ್ನು ‘ಬ್ಯಾಡಗಿಯವರು’ ಎಂದು ಕರೆದರೆ ಯಾವ ಗುರುತೂ ಸಿಗದು. ಅಲ್ಲಿ ಎಲ್ಲರೂ ಬ್ಯಾಡಗಿಯವರೇ. ಊರು ಬಿಟ್ಟು ಇನ್ನೊಂದು ಊರಿಗೆ ಬಂದವರಿಗೆ ಮಾತ್ರ ಬಿಟ್ಟುಬಂದ ಊರು ಹೆಸರಾಗುತ್ತದೆ. ಆದ್ದರಿಂದ ಊರಿನ ಅಡ್ಡಹೆಸರೆಂದರೆ ಸಾಮಾನ್ಯವಾಗಿ ಒಂದು ವಲಸೆಯ ಗುರುತು. ಸವಣೂರಿನಲ್ಲಿ ಹುಟ್ಟಿದವರಿಗೆ ಗೋಕಾಕ ಎಂಬ ಹೆಸರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿಯವರಿಗೆ ಹಾನಗಲ್ ಎಂಬ ಹೆಸರು. ಅಜ್ಜಂದಿರು ಬಿಟ್ಟುಬಂದ ಊರನ್ನು ಮೊಮ್ಮಕ್ಕಳು ನೋಡಿರಲಿಕ್ಕಿಲ್ಲ. ಸಹಿ ಮಾಡುವಾಗಲೆಲ್ಲ ಅದನ್ನು ಬರೆಯುತ್ತಾರೆ.

ಎರಡನೆಯ ಗುಂಪು ಮನೆ ಇರುವ ಜಾಗದ್ದು. ಹೊಸಮನಿ, ದೊಡ್ಡಮನಿ, ಹಿತ್ತಲಮನಿ, ಮೂಲಿಮನಿ, ಅಗಸಿಮನಿ, ಬಾವಿಕಟ್ಟಿ, ಹುಣಸೀಮರದ, ತೋಟದ. ಅಗಸಿ ಎಂದರೆ ಊರ ಬಾಗಿಲು, ಮೂಲಿ ಎಂದರೆ ಮೂಲೆ. ಹೊಸಮನಿಯವರ ಮನೆ ಇಂದು ಊರಿನಲ್ಲೇ ಹಳೆಯದಾಗಿರಬಹುದು. ಹುಣಸೆಯ ಮರ ರಸ್ತೆ ಅಗಲೀಕರಣದಲ್ಲಿ ಹೋಗಿರಬಹುದು. ಬಾವಿಗೆ ಮಣ್ಣು ತುಂಬಿರಬಹುದು. ಹೆಸರು ಮಾತ್ರ ಆ ದಿನ ಅಲ್ಲಿ ಮರವಿತ್ತು, ಬಾವಿಯಿತ್ತು ಎಂದು ಹೇಳುತ್ತಲೇ ಇದೆ. ಮಠಗಳ ಸುತ್ತ ಬೆಳೆದ ಹಿರೇಮಠ, ಚಿಕ್ಕಮಠ, ಹೊಸಮಠ, ಕಲ್ಮಠಗಳನ್ನೂ ಈ ಸಾಲಿಗೇ ಸೇರಿಸಬಹುದು.

ಮೂರನೆಯದು ಹಿರಿಯರ ಹೆಸರೇ ಅಡ್ಡಹೆಸರಾದದ್ದು: ಚನ್ನಪ್ಪನವರ, ಬಸಪ್ಪನವರ, ಬಸನಗೌಡರ. ಚನ್ನಪ್ಪ ಎಂಬ ಹಿರಿಯರೊಬ್ಬರು ಹೆಸರುವಾಸಿಯಾಗಿ ಬಾಳಿದರು. ಅವರ ಮನೆಯವರೆಲ್ಲ ‘ಚನ್ನಪ್ಪನವರ ಮನಿಯವರು’ ಆದರು. ಕೆಲವು ಮನೆತನಗಳಿಗೆ ಚನ್ನಮ್ಮನವರ ಎಂಬಂತೆ ಹೆಣ್ಣಿನ ಹೆಸರು ನಿಂತಿರುವುದೂ ಉಂಟು.

ಪೇಟೆಯ ಸರಕು, ಕೈಯ ಕಸುಬು

ಬ್ಯಾಡಗಿಯ ಮಾರುಕಟ್ಟೆಯ ಹೆಸರು ಕೇಳದವರಿಲ್ಲ. ಬಣ್ಣಕ್ಕೆ ಕಡುಗೆಂಪು, ಖಾರಕ್ಕೆ ಮೆತ್ತಗೆ, ಮೈಯೆಲ್ಲ ಸುಕ್ಕು: ಅಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಇಂಥ ನಾಡಿನಲ್ಲಿ ಸರಕು ಅಡ್ಡಹೆಸರಾಗದೆ ಇದ್ದೀತೇ? ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ಎಣ್ಣಿ, ಉಪ್ಪಿನ, ಜೋಳದ, ಹತ್ತಿ, ಅರಳಿ. ಕೊನೆಯ ಎರಡು ಹೆಸರು ಹತ್ತಿಯ ಪೇಟೆಯಾದ ರಾಣೆಬೆನ್ನೂರಿನ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅರಳಿ ಎಂದರೆ ಇಲ್ಲಿ ಅರಳೆ, ಅಂದರೆ ಬೀಜ ತೆಗೆದ ಹತ್ತಿ.

ಇಂಥ ಹೆಸರಿನಿಂದ ಕಾಲವನ್ನೂ ಅಳೆಯಬಹುದು. ಮೆಣಸಿನಕಾಯಿ ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದ ಈ ಬೆಳೆಯನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಅವರು ಸಮುದ್ರಮಾರ್ಗದಿಂದ ಇಲ್ಲಿಗೆ ಬಂದದ್ದು 1498ರಲ್ಲಿ. ಅದಕ್ಕೂ ಹಿಂದೆ ನಮ್ಮ ಅಡುಗೆಯ ಖಾರವೆಂದರೆ ಕರಿಮೆಣಸು. ಆದ್ದರಿಂದ ಮೆಣಸಿನಕಾಯಿ ಎಂಬ ಅಡ್ಡಹೆಸರು ಯಾವ ಮನೆತನದಲ್ಲೇ ಇರಲಿ, ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಒಂದು ಹೆಸರಿನಲ್ಲಿ ಎಷ್ಟು ಚರಿತ್ರೆ ಅಡಗಿದೆ ನೋಡಿ!

ಕಸುಬಿನ ಹೆಸರುಗಳು ಎಲ್ಲರಿಗೂ ತಿಳಿದವೇ. ಕಂಬಾರ, ಕುಂಬಾರ, ಬಡಿಗೇರ, ಪತ್ತಾರ, ಗಾಣಿಗೇರ, ಹೂಗಾರ, ನೀಲಗಾರ, ಸಿಂಪಿ, ಅಂಗಡಿ. ಪತ್ತಾರ ಬಂಗಾರದ ಕೆಲಸದವರು, ನೀಲಗಾರ ಬಟ್ಟೆಗೆ ನೀಲಿ ಬಣ್ಣ ಕಟ್ಟುವವರು, ಸಿಂಪಿ ಬಟ್ಟೆ ಹೊಲಿಯುವವರು. ಮುಸಲ್ಮಾನರ ಮನೆಗಳಲ್ಲಿ ಅತ್ತಾರ ಎಂದರೆ ಸುಗಂಧದ ವ್ಯಾಪಾರದವರು, ನದಾಫ ಎಂದರೆ ಹತ್ತಿ ಹಿಂಜುವವರು, ಪಟವೇಗಾರ ಎಂದರೆ ರೇಷ್ಮೆ ದಾರ, ಗೊಂಡೆಗಳ ಕೆಲಸದವರು. ಹಾವೇರಿಗೆ ಹೆಸರು ತಂದ ಏಲಕ್ಕಿ ಹಾರ ಪಟವೇಗಾರರ ಕೈಯ ಕುಶಲತೆ.

ಹಾಡು ಕೂಡ ಹೆಸರಾದದ್ದುಂಟು. ಹಾನಗಲ್ಲ ತಾಲ್ಲೂಕು ನಾಡಿಗೆ ಕೊಟ್ಟ ಇಬ್ಬರು ಅಂಧ ಗುರುಗಳು, ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು. ಗವಾಯಿ ಎಂದರೆ ಗಾಯಕ. ಇದು ತಂದೆಯಿಂದ ಮಗನಿಗೆ ಬಂದ ಹೆಸರಲ್ಲ, ಗುರುವಿನಿಂದ ಶಿಷ್ಯನಿಗೆ ಸಾಧನೆಯ ಮೂಲಕ ಬಂದ ಹೆಸರು.

ಹುದ್ದೆ ಹೋಯಿತು, ಹೆಸರು ಉಳಿಯಿತು

ಇನ್ನು ಆಡಳಿತದ ಹೆಸರುಗಳು. ಗೌಡ ಅಥವಾ ಪಾಟೀಲ ಊರಿನ ಮುಖ್ಯಸ್ಥ. ಕುಳಕರ್ಣಿ ಊರಿನ ಲೆಕ್ಕ ಬರೆಯುವವರು. ಕುಳ ಎಂದರೆ ಕಂದಾಯ ಕೊಡುವ ಒಕ್ಕಲು, ಕರಣಿಕ ಎಂದರೆ ಲೆಕ್ಕಿಗ. ಹಲವು ಊರುಗಳ ಮೇಲೆ ದೇಸಾಯಿ, ನಾಡಗೌಡ. ಅವರ ಲೆಕ್ಕಕ್ಕೆ ದೇಶಪಾಂಡೆ, ನಾಡಿಗೇರ. ಊರ ಕಾವಲಿಗೆ ತಳವಾರ, ಓಲೆ ಒಯ್ಯಲು ಓಲೇಕಾರ. ಕಾವಲಿನ ಸೇವೆಗೆ ಪ್ರತಿಯಾಗಿ ಸನದಿನ ಮೂಲಕ ಹೊಲ ಪಡೆದವರು ಶೇತಸನದಿ. ಇವೆಲ್ಲ ತಂದೆಯಿಂದ ಮಗನಿಗೆ ಬರುತ್ತಿದ್ದ ವತನಿ ಕೆಲಸಗಳಾದ್ದರಿಂದ ಹುದ್ದೆಯೂ ಹೆಸರೂ ಒಟ್ಟಿಗೆ ಇಳಿದುಬಂದವು.

ಆಮೇಲೆ ಕಾನೂನು ಹುದ್ದೆಯನ್ನು ತೆಗೆಯಿತು. ಮುಂಬಯಿ ಸರ್ಕಾರ 1950ರ ಕಾಯ್ದೆಯಿಂದ ಪರಗಣಾ ಮತ್ತು ಕುಳಕರ್ಣಿ ವತನಗಳನ್ನು ರದ್ದು ಮಾಡಿತು. ಉಳಿದ ಗ್ರಾಮ ವತನಗಳನ್ನು 1961ರ ಕಾಯ್ದೆ ಕೊನೆಗೊಳಿಸಿತು. ಅದು 1963ರ ಫೆಬ್ರುವರಿ 1ರಿಂದ ಜಾರಿಗೆ ಬಂತು. ಅಂದಿನಿಂದ ಊರಿನ ಲೆಕ್ಕ ಬರೆಯುವುದು ಸಂಬಳದ ನೌಕರರ ಕೆಲಸ. ಆದರೂ ಕುಳಕರ್ಣಿಯವರು ಕುಳಕರ್ಣಿಯವರೇ, ತಳವಾರರು ತಳವಾರರೇ. ಸರ್ಕಾರ ವತನವನ್ನು ಹಿಂದಕ್ಕೆ ಪಡೆಯಿತು, ಹೆಸರನ್ನು ಕೇಳಲಿಲ್ಲ.

ಕೆಲವರು ತಾವಾಗಿಯೇ ಬೇರೆ ಹೆಸರು ಆರಿಸಿಕೊಂಡರು. ವೆಂಕಟೇಶ ತಿರಕೋ ಕುಳಕರ್ಣಿ ಎಂದರೆ ಬಹಳ ಮಂದಿಗೆ ತಿಳಿಯದು. ವರದಾ ತುಂಗಭದ್ರೆಯರು ಕೂಡುವಲ್ಲಿರುವ, ಹಾವೇರಿ ತಾಲ್ಲೂಕಿನ ತಮ್ಮ ಊರಿನ ಹೆಸರಿನಿಂದ ‘ಗಳಗನಾಥ’ ಎಂದು ಬರೆದ ಕಾದಂಬರಿಕಾರರು ಎಂದರೆ ತಕ್ಷಣ ತಿಳಿಯುತ್ತದೆ. ಹುದ್ದೆಯ ಹೆಸರು ಹಿಂದೆ ಸರಿಯಿತು, ಊರು ಮುಂದೆ ಬಂತು. ಹಾವೇರಿ ತಾಲ್ಲೂಕಿನ ಕುರಬಗೊಂಡದಲ್ಲಿ ಹುಟ್ಟಿದ ಪತ್ರಕರ್ತ ಪಾಟೀಲ ಪುಟ್ಟಪ್ಪ ಅಡ್ಡಹೆಸರನ್ನು ಮೊದಲಿಗೇ ಇಟ್ಟುಕೊಂಡು, ಎರಡರ ಮೊದಲಕ್ಷರ ಕೂಡಿ ‘ಪಾಪು’ ಆದರು.

ಹಿಮದ ನಾಡಿನಲ್ಲೂ ಇದೇ ಕಥೆ

ಇದು ನಮ್ಮ ಕಡೆಯದೇ ವಿಚಿತ್ರವೆಂದು ತಿಳಿಯಬೇಡಿ. ಯುರೋಪಿನ ಉತ್ತರದ ತುದಿಯಲ್ಲಿರುವ ಸ್ಕ್ಯಾಂಡಿನೇವಿಯಾದ ನಾಡುಗಳಲ್ಲಿ ಇದೇ ಕಥೆ ಬೇರೆ ಭಾಷೆಯಲ್ಲಿ ನಡೆದಿದೆ. ಮಕ್ಕಳ ಕಥೆಗಳಿಂದ ಪ್ರಸಿದ್ಧರಾದ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಅವರನ್ನು ತೆಗೆದುಕೊಳ್ಳಿ. ಆಂಡರ್ಸನ್ ಎಂದರೆ ಆಂಡರ್ಸನ ಮಗ. ಆದರೆ ಅವರ ತಂದೆಯ ಹೆಸರು ಹಾನ್ಸ್. ಆಂಡರ್ಸ್ ಎಂಬುದು ಅಜ್ಜನ ಹೆಸರು. ನಡೆಯಬೇಕಾಗಿದ್ದ ಹೆಸರು ಅವರ ಮನೆಯಲ್ಲಿ ಆಗಲೇ ನಿಂತುಬಿಟ್ಟಿತ್ತು, ನಮ್ಮ ‘ಚನ್ನಪ್ಪನವರ’ ನಿಂತಂತೆ. ಮನೆತನಕ್ಕೊಂದು ಸ್ಥಿರ ಹೆಸರಿರಬೇಕೆಂದು ಡೆನ್ಮಾರ್ಕಿನ ಸರ್ಕಾರ 1828ರಲ್ಲಿ ಆದೇಶಿಸಿತು. ನಾರ್ವೆಯಲ್ಲಿ ಅಂಥ ಕಾನೂನು ಬಂದದ್ದು 1923ರಲ್ಲಿ.

ಐಸ್‌ಲ್ಯಾಂಡಿನಲ್ಲಿ ಮಾತ್ರ ಹೆಸರು ಇಂದಿಗೂ ನಡೆಯುತ್ತಿದೆ. 1980ರಿಂದ 1996ರವರೆಗೆ ಅಲ್ಲಿನ ರಾಷ್ಟ್ರಾಧ್ಯಕ್ಷರಾಗಿದ್ದ ವಿಗ್ದಿಸ್ ಫಿನ್‌ಬೊಗಾದೊತ್ತಿರ್ ಅವರ ಎರಡನೆಯ ಹೆಸರಿನ ಅರ್ಥ ‘ಫಿನ್‌ಬೊಗಿಯ ಮಗಳು’ ಎಂದಷ್ಟೇ. ಅಣ್ಣನಿಗೂ ತಂಗಿಗೂ ಅಲ್ಲಿ ಕೊನೆಯ ಹೆಸರು ಬೇರೆ. ಮದುವೆಯಾದರೂ ಹೆಣ್ಣಿನ ಹೆಸರು ಬದಲಾಗದು.

ನಾರ್ವೆಯಲ್ಲಿ ಹೊಲಮನೆಯ ಹೆಸರೇ ಒಕ್ಕಲಿನ ಹೆಸರು. ಡಾಲ್ ಎಂದರೆ ಕಣಿವೆ, ಬರ್ಗ್ ಎಂದರೆ ಗುಡ್ಡ. ನಮ್ಮ ಹಳ್ಳದ, ಗುಡ್ಡದ ಇದ್ದಂತೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಕಾರ್ಲ್ ಲಿನೇಯಸ್ ಅವರ ಹೆಸರಿನೊಳಗೆ ಒಂದು ಮರವಿದೆ. ಅವರ ತಂದೆ ವಿಶ್ವವಿದ್ಯಾಲಯಕ್ಕೆ ಸೇರುವಾಗ ಅಡ್ಡಹೆಸರು ಬೇಕಾಯಿತು. ತಮ್ಮ ನೆಲದಲ್ಲಿದ್ದ ದೊಡ್ಡ ‘ಲಿಂಡ್’ ಮರವನ್ನು ನೆನೆದು ಲಿನೇಯಸ್ ಎಂದು ಬರೆದರು. ಹಾವೇರಿಯ ಲೆಕ್ಕದಲ್ಲಿ ಅವರು ಬೇವಿನಮರದವರೇ ಅಲ್ಲವೇ? ಸ್ವೀಡನ್ನಿನ ಹಳೆಯ ಸೈನ್ಯದಲ್ಲಿ ಒಂದೇ ಹೆಸರಿನ ಹಲವರಿದ್ದರೆ ಗೊಂದಲವಾಗುವುದೆಂದು ಸಿಪಾಯಿಗಳಿಗೆ ರಾಸ್ಕ್ (ಚುರುಕು), ಸ್ಟೋಲ್ (ಉಕ್ಕು) ಎಂಬ ಚಿಕ್ಕ ಹೆಸರುಗಳನ್ನು ಕೊಡುತ್ತಿದ್ದರು. ಆ ಸಿಪಾಯಿಗೆ ಒಂದು ಗುಡಿಸಲು, ಒಂದು ತುಂಡು ನೆಲ ಸಿಗುತ್ತಿತ್ತು. ನಮ್ಮ ಶೇತಸನದಿಯವರ ನೆನಪಾಗುವುದಿಲ್ಲವೇ?

ಹೆಸರು ಹೇಳದಿರುವುದು

ಇಷ್ಟೆಲ್ಲ ತಿಳಿದ ಮೇಲೆ ಒಂದು ಎಚ್ಚರದ ಮಾತು. ಅಡ್ಡಹೆಸರು ಕೇಳಿದ ಕೂಡಲೇ ಎದುರಿಗಿರುವವರ ಜಾತಿಯನ್ನು, ಅಂತಸ್ತನ್ನು ಮನಸ್ಸಿನಲ್ಲೇ ತೂಗಿನೋಡುವ ಚಾಳಿ ನಮ್ಮಲ್ಲಿದೆ. ಬಾಡಿಗೆ ಮನೆ ಕೊಡುವಾಗ, ಕೆಲಸಕ್ಕೆ ಕರೆಯುವಾಗ, ತರಗತಿಯಲ್ಲಿ ಹಾಜರಿ ಕೂಗುವಾಗ ಈ ತಕ್ಕಡಿ ಕೆಲಸ ಮಾಡುತ್ತದೆ. ಅದರ ನೋವನ್ನು ಉಂಡವರಿಗೇ ಗೊತ್ತು. ಆ ಕಾರಣಕ್ಕಾಗಿಯೇ ಅಡ್ಡಹೆಸರನ್ನು ಬಿಟ್ಟವರಿದ್ದಾರೆ, ಊರಿನ ಹೆಸರಿಗೆ ಬದಲಾಯಿಸಿಕೊಂಡವರಿದ್ದಾರೆ. ಅದು ಅವರ ಹಕ್ಕು. ಅದನ್ನು ಕೆದಕುವುದು ಸಭ್ಯತೆಯಲ್ಲ.

ಅಷ್ಟಕ್ಕೂ ಈ ತಕ್ಕಡಿಯೇ ಸುಳ್ಳು. ಪಾಟೀಲರು ಲಿಂಗಾಯತರಲ್ಲಿದ್ದಾರೆ, ಜೈನರಲ್ಲಿದ್ದಾರೆ, ಮರಾಠರಲ್ಲಿದ್ದಾರೆ, ಮುಸಲ್ಮಾನರಲ್ಲೂ ಇದ್ದಾರೆ. ಊರಿನ ಹೆಸರಂತೂ ಆ ಊರು ಬಿಟ್ಟ ಎಲ್ಲರದು. ಕಂಬಾರ ಎಂಬ ಹೆಸರಿನವರೊಬ್ಬರು ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ, 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನೂ ಪಡೆದರು. ಅಡ್ಡಹೆಸರು ಹೇಳುವುದು ಹಿಂದೊಮ್ಮೆ ಆ ಮನೆ ಎಲ್ಲಿತ್ತು, ಏನು ಮಾಡುತ್ತಿತ್ತು ಎಂಬುದನ್ನು ಮಾತ್ರ. ಈಗ ಎದುರಿಗಿರುವ ಮನುಷ್ಯ ಎಂಥವರು ಎಂಬುದನ್ನು ಅದು ಹೇಳುವುದಿಲ್ಲ.

ಕಾಗದದಲ್ಲಿ ಕಳೆಯದಿರಲಿ

ಕೊನೆಯದಾಗಿ, ನಿಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಕಾಗದಗಳ ವಿಚಾರ. ಹೆಸರನ್ನು ಸ್ಥಿರವಾಗಿ ನಿಲ್ಲಿಸಿದ ಕಾಗದವೇ ಇಂದು ಅದನ್ನು ಚೂರು ಮಾಡುತ್ತಿದೆ. ಒಬ್ಬ ಹೆಣ್ಣುಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತವರಿನ ಅಡ್ಡಹೆಸರು. ಆಧಾರದಲ್ಲಿ ಗಂಡನ ಮನೆಯದು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬರೀ ಒಂದು ಇನಿಶಿಯಲ್. ಉತಾರದಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸುವಾಗ ಆದ ತಪ್ಪು. ನಾಲ್ಕು ಕಾಗದ, ನಾಲ್ಕು ಹೆಸರು. ನೌಕರಿ, ಪಿಂಚಣಿ, ಆಸ್ತಿಯ ಪಾಲು ಎಂದು ಬಂದಾಗ ತಾನು ತಾನೇ ಎಂದು ಸಾಬೀತುಪಡಿಸಲು ಆಕೆ ಕಚೇರಿಯಿಂದ ಕಚೇರಿಗೆ ತಿರುಗಬೇಕು.

ಆದ್ದರಿಂದ ಮಗುವನ್ನು ಶಾಲೆಗೆ ಸೇರಿಸುವ ದಿನವೇ ಪೂರ್ಣ ಹೆಸರನ್ನು ಬಿಡಿಸಿ ಬರೆಸಿ. ಮೊದಲು ಕನ್ನಡದಲ್ಲಿ ಸರಿಯಾಗಿ ಬರೆದುಕೊಟ್ಟು, ಇಂಗ್ಲಿಷ್ ಅಕ್ಷರಗಳನ್ನು ನೀವೇ ತೀರ್ಮಾನಿಸಿ. ಮುಂದೆ ಎಲ್ಲ ಕಡೆ ಅದನ್ನೇ ಬಳಸಿ. ಮದುವೆಯಾದ ಹೆಣ್ಣು ಗಂಡನ ಅಡ್ಡಹೆಸರನ್ನು ಇಟ್ಟುಕೊಳ್ಳಲೇಬೇಕೆಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಇಟ್ಟುಕೊಳ್ಳುವುದೂ ಬಿಡುವುದೂ ಆಕೆಯ ಇಷ್ಟ. ಹೆಸರು ಬದಲಾಯಿಸುವುದೇ ಆದರೆ ಪ್ರಮಾಣಪತ್ರ, ಪತ್ರಿಕಾ ಪ್ರಕಟಣೆ, ರಾಜ್ಯಪತ್ರದ ದಾರಿಯಲ್ಲಿ ಹೋಗಿ, ಎಲ್ಲ ದಾಖಲೆಗಳನ್ನೂ ಸರಿಪಡಿಸಿಕೊಳ್ಳಿ.

ಇನ್ನೊಂದು ಕೆಲಸಕ್ಕೆ ಯಾವ ಕಚೇರಿಗೂ ಹೋಗಬೇಕಾಗಿಲ್ಲ. ಈ ಸಂಜೆಯೇ ಮನೆಯ ಹಿರಿಯರ ಹತ್ತಿರ ಕುಳಿತು ನಾಲ್ಕು ಪ್ರಶ್ನೆ ಕೇಳಿ. ನಮ್ಮ ಅಡ್ಡಹೆಸರು ಊರಿನದೋ, ಮನೆಯದೋ, ಕಸುಬಿನದೋ, ಯಾರಾದರೂ ಹಿರಿಯರದೋ? ಅದಕ್ಕಿಂತ ಮೊದಲು ನಮ್ಮನ್ನು ಏನೆಂದು ಕರೆಯುತ್ತಿದ್ದರು? ಆ ಮರ, ಆ ಬಾವಿ, ಆ ಅಂಗಡಿ ಎಲ್ಲಿತ್ತು? ಅಜ್ಜಿಯ ತವರಿನ ಅಡ್ಡಹೆಸರು ಯಾವುದು? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ; ಕಾಗದಗಳಲ್ಲಿ ಎಲ್ಲಕ್ಕಿಂತ ಮೊದಲು ಅಳಿಸಿಹೋಗುವುದು ಅದೇ. ಉತ್ತರಗಳನ್ನು ಮಕ್ಕಳ ನೋಟುಬುಕ್ಕಿನಲ್ಲಿ ಮಕ್ಕಳ ಕೈಯಿಂದಲೇ ಬರೆಸಿ. ಮುಂದೆ ಕಿರುತೆರೆಯ ಪಟ್ಟಿಯಲ್ಲಿ ಉಳ್ಳಾಗಡ್ಡಿ, ಬೇವಿನಮರದ ಎಂದು ಮೂಡಿದಾಗ ಅವರು ನಗಲಿ, ಚಿಂತೆಯಿಲ್ಲ. ನಕ್ಕ ಮೇಲೆ ಆ ಮರ ಎಲ್ಲಿತ್ತೆಂದು ಕೇಳಿದರೆ ಸಾಕು.